ಮಾವನ ಆತು

ಬಾಡ, ಕುಮಟಾ
೪ ಜೂನ್ ೧೯೭೯

ಪ್ರೀತಿಯ ಮಾಲೂ,

ಮಾವ ಮಾತಾಡಿದರು! ಇವತ್ತು ಬೆಳಿಗ್ಗೆ ನಾನು ಗಂಜಿಯ ಬಟ್ಟಲು ಹಿಡಿದು ಮಂಚದ ಪಕ್ಕ ಕೂತಿದ್ದೆ. ಕೊನೆಯ ಚಮಚ ನುಂಗಿದವರೇ ನನ್ನ ಮುಖ ನೋಡಿ "ಆತು" ಅಂದರು. ಸ್ಪಷ್ಟವಾಗಿ, ಗಟ್ಟಿ ದನಿಯಲ್ಲಿ! ಇಪ್ಪತ್ತೈದು ದಿನ ಒಂದಕ್ಷರ ಇಲ್ಲದೆ ಮಲಗಿದ್ದ ಮನುಷ್ಯ. ನಾನು ಬಟ್ಟಲು ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿ ಕೂಗಿದ ಅಬ್ಬರಕ್ಕೆ ಪಕ್ಕದ ಮನೆಯ ಲಕ್ಕಿ ಎಲ್ಲೋ ಬೆಂಕಿ ಬಿತ್ತೆಂದು ಕೊಡದ ನೀರು ಹೊತ್ತು ಬಂದಳು.

ನೀನು ಮದುವೆಗೆ ಬರಲಿಲ್ಲ, ಪರೀಕ್ಷೆ ಎಂದು ನೆಪ ಹೇಳಿದೆ. ಅದನ್ನು ನಾನಿನ್ನೂ ಮರೆತಿಲ್ಲ. ಬಂದಿದ್ದರೆ ಮಾವನ ದನಿ ಕೇಳುತ್ತಿದ್ದೆ. ಕಾರವಾರದ ಪೇಟೆಯಲ್ಲಿ, ಕಾನ್ವೆಂಟಿನಲ್ಲಿ ಬೆಳೆದ ನಮಗೆ ತಾಂಡೇಲ ಅಂದರೆ ಬರೀ ಅಡ್ಡಹೆಸರು. ಇಲ್ಲಿ ತಾಂಡೇಲ ಅಂದರೆ ದೋಣಿಯ ಮುಖ್ಯಸ್ಥ. ಬೀರಪ್ಪ ತಾಂಡೇಲರು ದಡದಲ್ಲಿ ನಿಂತು ಕರೆದರೆ ದೋಣಿಯಲ್ಲಿದ್ದ ಹದಿನಾಲ್ಕು ಜನಕ್ಕೂ ಕೇಳುತ್ತಿತ್ತಂತೆ. ಮದುವೆಯಾಗಿ ಮೂರು ವಾರಕ್ಕೆ, ದೋಣಿ ಮೇಲೆಳೆದು ಬಂದ ದಿನ, ಕೈ ತೊಳೆಯುತ್ತಾ ಬಾವಿಕಟ್ಟೆಯ ಹತ್ತಿರ ಕುಸಿದರು. ಲಕ್ವ. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಕುಮಟಾದ ಆಸ್ಪತ್ರೆಯಿಂದ ಮನೆಗೆ ತಂದು ಎಂಟು ದಿನವಾಯಿತು.

ಅತ್ತೆ ದಿನಾ ಬಜೆ ತೇಯ್ದು ಅವರ ನಾಲಿಗೆಗೆ ಸವರುತ್ತಿದ್ದರು. ಇವತ್ತು "ಹೂಂ, ಬಾಯಿ ಬಂತಲ. ಇನ್ನು ಬೈಗುಳವೂ ಬತ್ತದೆ, ತಡಿ" ಎಂದು ನಕ್ಕರು, ಆಮೇಲೆ ಒಲೆಯ ಹತ್ತಿರ ಹೋಗಿ ಅತ್ತರು. ಮಾಬ್ಲ, ಸೊಸೈಟಿಯ ಆಫೀಸಿನಿಂದ ಸೈಕಲ್ ತುಳಿದುಕೊಂಡು ಅರ್ಧ ದಿನಕ್ಕೇ ಬಂದರು. (ಇಲ್ಲಿ ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಕಾಗದದಲ್ಲಿ ಬರೆಯಬಾರದೆಂದು ಯಾರೂ ಹೇಳಿಲ್ಲವಲ್ಲ! ಮಾಬ್ಲ, ಮಾಬ್ಲ, ಮಾಬ್ಲ.) ನೀರು ಬೇಕಾ ಅಂದರೆ ಆತು, ಮಲಗುತ್ತೀರಾ ಅಂದರೆ ಆತು, ಎಷ್ಟು ಮುದ್ದಾಗಿ ಒಪ್ಪುತ್ತಾರೆ ಗೊತ್ತಾ? ಮೊದಲು ಬಲು ಹಟಮಾರಿಯಂತೆ.

ನೀನು ಮೈಸೂರಿನಲ್ಲಿ ಕಲಿಯುತ್ತಿರುವುದು ಇದೇ ವಿದ್ಯೆ ಅಲ್ಲವಾ, ಮಾತು ಕಿವಿ ಅಂತ? ಅದಕ್ಕೇ ಎಲ್ಲರಿಗಿಂತ ಮೊದಲು ನಿನಗೆ ಬರೆದೆ.

ನಿನ್ನ,
ಗಂಗಾ
(ಇಲ್ಲಿ ಎಲ್ಲರ ಬಾಯಲ್ಲೂ ಗಂಗೆ)


ಮೈಸೂರು
೧೨ ಜೂನ್ ೧೯೭೯

ಪ್ರಿಯ ಗಂಗಾ,

ನಿನ್ನ ಕಾಗದ ಓದಿ ಸಂತೋಷವಾಯಿತು. ಮದುವೆಗೆ ಬರದ ತಪ್ಪನ್ನು ಒಪ್ಪಿಕೊಂಡಿದ್ದೇನೆ. ಆದರೆ ಪರೀಕ್ಷೆ ನೆಪವಲ್ಲ.

ಕೆಲವು ಸಂಗತಿ ಬೇಕು. ಮಾವನಿಗೆ "ಆತು" ಬಿಟ್ಟು ಬೇರೆ ಶಬ್ದ ಬಂದಿದೆಯಾ? "ಬೇಡ" ಎಂದಿದ್ದಾರಾ? ಯಾರದಾದರೂ ಹೆಸರು? ಇಲ್ಲವಾದರೆ ಒಂದು ಕೆಲಸ ಮಾಡು. ಯಾರೂ ಹೌದೆನ್ನಲಾರದ ಒಂದು ಪ್ರಶ್ನೆ ಕೇಳು. ಅವರು ಏನು ಹೇಳುತ್ತಾರೆ, ಹೇಳುವಾಗ ಮುಖ ಹೇಗಿರುತ್ತದೆ, ಎರಡನ್ನೂ ನೋಡಿ ಬರೆ. ಅದು ತಿಳಿಯುವವರೆಗೆ ಆ ಒಂದು ಶಬ್ದವನ್ನು ನಂಬಿ ಏನನ್ನೂ ತೀರ್ಮಾನ ಮಾಡಬೇಡಿ.

ಬಜೆಯಿಂದ ತೊಂದರೆಯಿಲ್ಲ, ಉಪಯೋಗವೂ ಇಲ್ಲ. ಕೆಟ್ಟಿರುವುದು ನಾಲಿಗೆಯಲ್ಲ. ಆದರೆ ನುಂಗುವಾಗ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಬೇಕು. ನಾನು ಎರಡನೇ ವರ್ಷದ ವಿದ್ಯಾರ್ಥಿನಿ ಅಷ್ಟೇ, ಅದನ್ನು ನೆನಪಿಟ್ಟುಕೊ.

ಇಂತಿ,
ಮಹಾಲಕ್ಷ್ಮೀ


ಬಾಡ
೧೭ ಜೂನ್ ೧೯೭೯

ಮಾಲೂ, ಮಾಲೂ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಘಟ್ಟದಲ್ಲಿ ಎಲ್ಲೋ ಮಣ್ಣು ಕುಸಿದು ಬಸ್ಸು ನಿಂತಿದೆ, ಅಂಚೆಯೂ ನಿಂತಿದೆ. ಆದರೆ ನನಗೆ ಕಾಯಲು ಆಗುವುದಿಲ್ಲ. ನಿನ್ನೆ ನಮ್ಮ ಮನೆಯಲ್ಲಿ ಒಂದು ದೊಡ್ಡ ಕೆಲಸವಾಯಿತು, ಅದನ್ನು ಮಾಡಿದವಳು ನಾನು!

ಮಾವನ ದೋಣಿ ಸಮುದ್ರದ ದಡದಲ್ಲಿ ತೆಂಗಿನ ಗರಿಯ ಮಡ್ಲು ಹೊದ್ದು ಕೂತಿದೆ. ಮಳೆಗಾಲ ಮುಗಿದರೆ ಅದನ್ನು ನಡೆಸುವವರಿಲ್ಲ. ಮಾಬ್ಲ ಸಮುದ್ರಕ್ಕೆ ಹೋಗುವವರಲ್ಲ. ಮಾವನ ತಮ್ಮ, ಶನಿಯಾರ ಚಿಕ್ಕಮಾವ, ಭಟ್ಕಳದಲ್ಲಿ ಇಂಜಿನ್ ಬೋಟಿಗೆ ಸೇರುವ ಯೋಚನೆಯಲ್ಲಿದ್ದಾರೆ. ಅವರೇ ಭಟ್ಕಳದ ಕಾದಿರ್ ಸಾಹೇಬರನ್ನು ಕರೆದುಕೊಂಡು ಬಂದರು. ಬಿಳಿ ಗಡ್ಡ, ಕಡಿಮೆ ಮಾತು, ದೋಣಿ ವ್ಯವಹಾರದಲ್ಲೇ ಹಣ್ಣಾದವರು. ಜಗಲಿಯಲ್ಲಿ ಕೂತವರೇ ಒಂದೇ ಮಾತು ಹೇಳಿದರು. "ತಾಂಡೇಲರ ಬಾಯಿಂದ ಬರ್ಬೇಕು. ಮಗ ಕೊಟ್ರೆ, ತಮ್ಮ ಕೊಟ್ರೆ, ನಂಗೆ ಬೇಡ."

ಚಿಕ್ಕಮಾವ ಮಾವನ ಕಿವಿಗೆ ಬಾಯಿಟ್ಟು ಕಿರುಚಿದರು. "ಅಣ್ಣಾ! ದೋಣಿ ಸಾಹೇಬ್ರಿಗೆ ಕೊಡುದಾ?" ಮಾವ ಕಣ್ಣು ಮುಚ್ಚಿಕೊಂಡರು. ಮಾಬ್ಲ ಕೇಳಿದರು, ಉತ್ತರವಿಲ್ಲ. ಆಗ ನಾನು ಒಳಗಿನಿಂದ ಬಂದು, ಮಂಚದ ಎದುರು ಮೊಣಕಾಲೂರಿ, ಗಂಜಿ ತಿನ್ನಿಸುವಾಗಿನ ಹಾಗೆ ನಗುತ್ತಾ, "ಮಾವ, ಕೊಟ್ಟುಬಿಡೋಣ ಅಲ್ದಾ?" ಅಂದೆ.

"ಆತು" ಅಂದರು!

"ಆತು ಅಂದ್ರಲ ಮಾರಾಯ್ರೇ! ಸೊಸೆ ಕೇಳಿದ್ರೆ ಮಾತ್ರ ಬಾಯಿ ಬಿಡುದು!" ಎಂದು ಚಿಕ್ಕಮಾವ ತೊಡೆ ತಟ್ಟಿದರು. ಸಾಹೇಬರು ಎದ್ದು ಮಾವನ ಎಡಗೈ ಹಿಡಿದು, "ಬೀರಪ್ಪಣ್ಣ, ಜಬಾನು ಕೊಟ್ರಿ. ನನಗೆ ಅಷ್ಟು ಸಾಕು" ಅಂದರು. ಎಲೆ ಅಡಿಕೆ ಬದಲಾಯಿತು. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಆದ ಮಾರನೇ ದಿನ ಮಾವನೇ ಹುಟ್ಟನ್ನು ಎತ್ತಿ ಸಾಹೇಬರ ಕೈಗೆ ಕೊಡಬೇಕು. ಇಲ್ಲಿ ದೋಣಿ ಕೈ ಬದಲಾಗುವುದೇ ಹಾಗಂತೆ. ಆಮೇಲೆ ಚಿಕ್ಕಮಾವ ಏಳು ಜನರನ್ನು ಕರೆದುಕೊಂಡು ಅದನ್ನು ಸಮುದ್ರದ ಮೇಲೇ ಭಟ್ಕಳಕ್ಕೆ ಮುಟ್ಟಿಸುತ್ತಾರೆ.

ಮಾವನ ಕಣ್ಣಲ್ಲಿ ನೀರು ಬಂತು. ಎಡಗೈ ಗೆಣ್ಣಿನಿಂದ ಮಂಚದ ಕಾಲನ್ನು ತಟ್ಟುತ್ತಾ "ಆತು, ಆತು, ಆತು" ಅಂದರು. ಸಂತೋಷಕ್ಕೆ ಅಂತ ನಾನೇ ಎಲ್ಲರಿಗೂ ಹೇಳಿದೆ. ಅತ್ತೆ ಮಾತ್ರ ಬಾಗಿಲ ಸಂದಿಯಲ್ಲಿ ನಿಂತವರು ಏನೂ ಅನ್ನಲಿಲ್ಲ.

ಹೇಗಿದೆ ನಿನ್ನ ಗೆಳತಿ?

ನಿನ್ನ,
ಗಂಗಾ


ಬಾಡ
೨೫ ಜೂನ್ ೧೯೭೯

ಪ್ರೀತಿಯ ಮಾಲೂ,

ನಿನ್ನ ಹನ್ನೆರಡನೇ ತಾರೀಖಿನ ಕಾಗದ ಮೊನ್ನೆ ಬಂತು. ಅಂಚೆಯಣ್ಣನ ಚೀಲದಲ್ಲೇ ನೆನೆದು ಅರ್ಧ ಅಕ್ಷರ ನೀಲಿಯಾಗಿತ್ತು. ಆದರೆ "ಆ ಒಂದು ಶಬ್ದವನ್ನು ನಂಬಿ" ಅನ್ನುವ ಸಾಲು ಸರಿಯಾಗಿಯೇ ಇತ್ತು.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಮಾವನ ಎದುರು ಕೂತೆ.

"ಮಾವ, ನೀರು ಬೇಕಾ?"

"ಆತು."

"ಮಾವ, ಇವತ್ತು ಅನ್ನದ ಬದಲು ಕಲ್ಲು ಬೇಯಿಸಲಾ?"

"ಆತು."

ಅಷ್ಟೇ ಸಾಕಿತ್ತು. ಆದರೂ ಕೇಳಿದೆ, "ಮಾವ, ನಾನು ಕತ್ತೆಯಾ?"

"ಆತು" ಅಂದರು. ಅಂದವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬಾಯಿಯ ಎಡ ಅಂಚು ಮೇಲಕ್ಕೆ ಹೋಯಿತು. ನಕ್ಕರು ಮಾಲೂ! ಅರ್ಧ ಮುಖದಲ್ಲಿ, ಹೊಟ್ಟೆ ಕುಣಿಯುವ ಹಾಗೆ ನಕ್ಕರು. ನಾನು ಕೇಳಿದ್ದು ಅವರಿಗೆ ತಿಳಿದಿತ್ತು. ಕಲ್ಲಿನ ಪ್ರಶ್ನೆಯೂ ತಿಳಿದಿತ್ತು. ಬಾಯಿಗೆ ಮಾತ್ರ ಬೇರೆ ಏನೂ ಬರುವುದಿಲ್ಲ.

ಹಾಗಾದರೆ ದೋಣಿಯ ಪ್ರಶ್ನೆಯೂ ತಿಳಿದಿತ್ತು. ಅದಕ್ಕೆ ಅವರು ಏನು ಹೇಳಲು ಹೊರಟಿದ್ದರೋ ಅದು ಹೊರಗೆ ಬರಲೇ ಇಲ್ಲ. ಬಂದದ್ದು "ಆತು". ಅದನ್ನು ಹಿಡಿದು ಕುಣಿದವಳು ನಾನು. ಅವರಿಗೆ ದೋಣಿ ಕೊಡಲು ಇಷ್ಟವಿಲ್ಲ, ಅದಕ್ಕೇ ಅತ್ತರು. ನಾನು ಸಂತೋಷ ಎಂದೆ.

ಇದು ಏನು ಕಾಯಿಲೆ, ಬೇಗ ಬರೆ. ಚಿಕ್ಕಮಾವ ಬುದ್ಧಿ ಹೋಗಿದೆ ಅನ್ನುತ್ತಾರೆ. ಲಕ್ಕಿ ಕಿವಿ ಹೋಗಿದೆ ಅನ್ನುತ್ತಾಳೆ. ಡಾಕ್ಟರು ಹೇಳಿದ ಹೆಸರು ಮಾಬ್ಲರಿಗೆ ನೆನಪಿಲ್ಲ.

ಗಂಗಾ


ಮೈಸೂರು
೪ ಜುಲೈ ೧೯೭೯

ಪ್ರಿಯ ಗಂಗಾ,

ನಿನ್ನ ಎರಡೂ ಕಾಗದ ಒಟ್ಟಿಗೆ ಬಂದವು. ನಮ್ಮ ಮೇಡಂಗೆ ತೋರಿಸಿದೆ, ಕತ್ತೆಯ ಪ್ರಶ್ನೆಯ ಸಮೇತ. ಪಾಠದಲ್ಲಿ ಸೇರಿಸಬೇಕು ಅಂದರು.

ಇದಕ್ಕೆ ಅಫೇಸಿಯಾ ಎನ್ನುತ್ತೇವೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಬಲಗೈ ಬಲಗಾಲನ್ನು ನಡೆಸುವುದೂ ಅದೇ ಕಡೆ. ಅಲ್ಲಿಗೆ ರಕ್ತ ಹೋಗದೆ ಪೆಟ್ಟಾದರೆ ಎರಡೂ ಒಟ್ಟಿಗೆ ಬೀಳುತ್ತವೆ. ಬುದ್ಧಿ ಹೋಗಿಲ್ಲ, ಕಿವಿಯೂ ಹೋಗಿಲ್ಲ, ಆದ್ದರಿಂದ ಕಿರುಚುವುದರಿಂದ ಪ್ರಯೋಜನವಿಲ್ಲ. ಘಟ್ಟ ಕುಸಿದು ಅಂಚೆ ನಿಂತಾಗ ನೀನು ಬರೆಯುವುದನ್ನು ಬಿಟ್ಟಿರಲಿಲ್ಲವಲ್ಲ, ಹಾಗೆ. ಕಾಗದ ನನಗೆ ಮುಟ್ಟುತ್ತಿರಲಿಲ್ಲ ಅಷ್ಟೇ.

ಕೆಲವರಿಗೆ ಒಂದೇ ಶಬ್ದ ಉಳಿಯುತ್ತದೆ. ಬಾಯಿ ತೆರೆದಾಗಲೆಲ್ಲ ಅದೇ ಬರುತ್ತದೆ. ಇಲ್ಲಿಗೆ ಬರುವ ಒಬ್ಬ ಅಜ್ಜಿಗೆ ಅವರ ಹಸುವಿನ ಹೆಸರು ಮಾತ್ರ ಉಳಿದಿದೆ. ಅದಾದರೆ ಯಾರೂ ಮೋಸ ಹೋಗುವುದಿಲ್ಲ. ನಿಮ್ಮ ದುರದೃಷ್ಟ ಏನೆಂದರೆ ಮಾವನಿಗೆ ಉಳಿದದ್ದು ಒಪ್ಪಿಗೆಯ ಶಬ್ದ.

ಹಾಗೆಂದು ಅವರಿಗೆ ಎಲ್ಲವೂ ಪೂರ್ತಿ ತಿಳಿಯುತ್ತದೆ ಎಂದೂ ಹೇಳಲಾರೆ. ಉದ್ದ ವಾಕ್ಯ, ನಾಲ್ಕು ಜನ ಒಟ್ಟಿಗೆ ಆಡುವ ಮಾತು ಕಷ್ಟವಾಗಬಹುದು. ಒಬ್ಬರೇ ಮಾತಾಡಿ, ಒಂದೊಂದೇ ಕೇಳಿ, ಆಮೇಲೆ ಕಾಯಿರಿ. ನಿನಗೆ ಅದೇ ಕಷ್ಟ, ಗೊತ್ತು. ಮುಖ್ಯವಾದದ್ದನ್ನು ಎರಡು ಕಡೆಯಿಂದ ಕೇಳಬೇಕು, ಕೊಡುವುದಾ ಎಂದು ಒಮ್ಮೆ, ಇಟ್ಟುಕೊಳ್ಳುವುದಾ ಎಂದು ಒಮ್ಮೆ. ಬಾಯಿಗಿಂತ ಕೈಯನ್ನು ನಂಬು. ವಸ್ತುಗಳನ್ನು ಎದುರಿಗಿಟ್ಟು ಎತ್ತಿಕೊಳ್ಳಲು ಬಿಡು. ಎಣಿಕೆ, ಭಜನೆ, ಬೈಗುಳ ಇವು ಕೆಲವೊಮ್ಮೆ ತಾವಾಗಿಯೇ ಬರುತ್ತವೆ. ಬಂದರೆ ಒಳ್ಳೆಯದು, ಆದರೆ ಮಾತು ಮರಳಿತೆಂದು ಅಂಗಳಕ್ಕೆ ಓಡಬೇಡ.

ಇನ್ನೊಂದು. ದೋಣಿ ಕೊಡಲು ಅವರಿಗೆ ಇಷ್ಟವಿಲ್ಲ ಎಂದು ಬರೆದಿದ್ದೀಯ. ಅದನ್ನು ಅವರು ಹೇಳಿದರಾ, ನೀನು ಹೇಳಿದೆಯಾ? ಮಂಚದ ಕಾಲನ್ನು ತಟ್ಟಿದರು ಎಂದೂ ಬರೆದಿದ್ದೀಯ. ಅದನ್ನು ಗಮನಿಸುತ್ತಿರು.

ಮಳೆ ನಿಂತ ಮೇಲೆ ಇಲ್ಲಿಗೆ ಕರೆದುಕೊಂಡು ಬಾ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಇಂತಿ,
ಮಹಾಲಕ್ಷ್ಮೀ


ಬಾಡ
೧೮ ಜುಲೈ ೧೯೭೯

ಪ್ರೀತಿಯ ಮಾಲೂ,

ಕಾಯುವುದನ್ನು ಕಲಿಯುತ್ತಿದ್ದೇನೆ. ಮಾವನಿಗೊಂದು ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಹತ್ತು ಆಗುವಷ್ಟರಲ್ಲಿ ನನ್ನ ನಾಲಿಗೆ ತುರಿಸುತ್ತದೆ, ಗಾಡ್ ಪ್ರಾಮಿಸ್.

ಹೋದ ವಾರ ಅಘನಾಶಿನಿಯಿಂದ ಅತ್ತೆಯ ತಂಗಿ ಒಂದು ಬುಟ್ಟಿ ಬಳಚು ಚಿಪ್ಪುಮೀನು ಕಳಿಸಿದ್ದರು. ಚಿಪ್ಪುಗಳನ್ನು ಮಾವನ ಎದುರಿಗಿಟ್ಟು ಒಂದೊಂದಾಗಿ ಸರಿಸುತ್ತಾ "ಒಂದು, ಎರಡು" ಅಂತ ಶುರು ಮಾಡಿದೆ. ಅವರು ನನ್ನ ಕೈ ಸರಿಸಿ, ಎಡಗೈಯಿಂದ ತಾವೇ ತಳ್ಳತೊಡಗಿದರು. "ಲಾಭ, ಎರಡು, ಮೂರು, ನಾಲ್ಕು…" ನಾನು ಹಾರಿಬಿದ್ದೆ. ಆದರೆ ಮೊದಲನೆಯದು ತಪ್ಪಾಯಿತಲ್ಲ ಎಂದು, ಟೀಚರಮ್ಮನ ಹಾಗೆ, "ಲಾಭ ಅಲ್ಲ ಮಾವ, ಒಂದು" ಅಂದೆ. ನಿಲ್ಲಿಸಿಬಿಟ್ಟರು. ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಬಂದರು. "ಎಂತ ಮಾಡ್ತೆ ಹೆಣೆ? ಮೀನು ಎಣ್ಸುವಾಗ ಒಂದು ಅಂತ ಯಾರು ಹೇಳ್ತ್ರು? ಮೊದಲ್ನೇದು ಲಾಭ! ಅವ್ರು ಸರಿ ಹೇಳಿದ್ದನ್ನ ನೀ ಹಾಳು ಮಾಡ್ದೆ."

ನೋಡು, ಅವರು ಇಷ್ಟು ದಿನಕ್ಕೆ ಸರಿಯಾಗಿ ಹೇಳಿದ ಮೊದಲ ಶಬ್ದವನ್ನು ನಾನು ತಿದ್ದಿದೆ. ಆಮೇಲೆ ಅತ್ತೆ ಶುರು ಮಾಡಿಕೊಟ್ಟಾಗ ಹನ್ನೆರಡರವರೆಗೆ ಹೋದರು. ಒಟ್ಟು ಎಷ್ಟಾಯಿತು ಅಂತ ಕೇಳಿದರೆ ಮತ್ತೆ "ಆತು". ನೀನು ಬರೆದ ಹಾಗೆಯೇ.

ಆವತ್ತು ಅತ್ತೆಗೆ ನಿನ್ನ ಕಾಗದವನ್ನೆಲ್ಲ ಓದಿ ಹೇಳಿದೆ. ಕೊನೆಗೆ, "ಅವ್ರ ಆತು ಒಂದೇ ಅಲ್ಲ ಗಂಗೆ. ಹೊಟ್ಟೆ ತುಂಬಿದ್ದು ಬೇರೆ, ಸಿಟ್ಟಿಂದು ಬೇರೆ. ನೀ ಶಬ್ದ ಕೇಳ್ತೆ, ನಾ ದನಿ ಕೇಳ್ತೆ" ಅಂದರು.

"ಆವತ್ತು ಸಾಹೇಬರ ಎದುರು ಅಂದದ್ದು?"

"ಅದು ಬ್ಯಾಡದ ಆತು."

"ಮತ್ತೆ ನೀವು ಯಾಕೆ ಹೇಳಲಿಲ್ಲ ಅತ್ತೆ?"

"ನನ್ನ ಯಾರು ಕೇಳಿದ್ರು?"



ತಟ್ಟುವುದನ್ನು ಗಮನಿಸು ಎಂದಿದ್ದೆ. ಮರ ಕಂಡಲ್ಲೆಲ್ಲ ತಟ್ಟುತ್ತಾರೆ. ಬಾಗಿಲು, ಮಂಚ, ಒನಕೆ. ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ, ಅಲ್ಲಿ ನನ್ನ ಸೆರಗು ಹಿಡಿದು ದೋಣಿಯ ಕಡೆ ಎಳೆಯುತ್ತಾರೆ. ಕೊಡಬೇಡಿ ಅನ್ನುವುದೇ ತಾನೆ ಇದು? ಇನ್ನೇನು ಇರಲು ಸಾಧ್ಯ?

ಇವರಿಗೆ ಹೇಳಿದೆ. "ಎಲೆ ಅಡಿಕೆ ಆಗಿದೆ. ತಾಂಡೇಲರ ಮನೆಯವರು ಮಾತಿಗೆ ತಪ್ಪಿದರು ಅಂದ್ರೆ ಅಪ್ಪನ ಹೆಸರು ಎಂತ ಆಗ್ತದೆ?" ಅಂದರು. ಅದು ಅವರ ಮಾತೇ ಅಲ್ಲ, ನನ್ನ ಮಾತು ಅಂದೆ. ಚಿಕ್ಕಮಾವ ಜಗಲಿಯಿಂದಲೇ, "ಇಂಗ್ಲಿಷ್ ಶಾಲೆಲಿ ಇದನ್ನೇ ಕಲ್ಸುದಾ? ಆತು ಅಂದ್ರೆ ಇಲ್ಲ ಅಂತ?" ಎಂದು ನಕ್ಕರು. ಮೂರು ದಿನದಿಂದ ಇವರು ನನ್ನೊಡನೆ ಮಾತಾಡಿಲ್ಲ. ಮನೆಯಲ್ಲಿ ಮಾತು ಬರುವವರೆಲ್ಲ ಸುಮ್ಮನಿದ್ದೇವೆ, ಬರದವರೊಬ್ಬರೇ ಆತು ಆತು ಅನ್ನುತ್ತಿದ್ದಾರೆ.

ನಾನು ನೇರವಾಗಿ ಕಾದಿರ್ ಸಾಹೇಬರಿಗೇ ಬರೆದೆ. ಇವರಿಗೆ ಹೇಳಿಯೇ ಬರೆದೆ. ಪ್ರಶ್ನೆ ಕೇಳಿದವಳು ನಾನು, ಆ ಉತ್ತರಕ್ಕೆ ಅರ್ಥವಿರಲಿಲ್ಲ, ತಪ್ಪು ನನ್ನದು, ಮಾವನನ್ನು ಎರಡು ಕಡೆಯಿಂದ ಕೇಳಬೇಕು ಎಂದು. ಇವರು ಬೇಡ ಅನ್ನಲಿಲ್ಲ. ಅಂಚೆ ಡಬ್ಬಿಗೆ ತಾವೇ ಹಾಕಿ ಬಂದರು.

ನಿನ್ನ,
ಗಂಗಾ


ಭಟ್ಕಳ
೨೮ ಜುಲೈ ೧೯೭೯

ಬೀರಪ್ಪ ತಾಂಡೇಲರ ಸೊಸೆಗೆ ಅಬ್ದುಲ್ ಕಾದಿರ್ ಮಾಡುವ ಸಲಾಮು.

ನನಗೆ ಕನ್ನಡ ಬರೆಯಲು ಬಾರದು, ಮೊಮ್ಮಗಳು ಬರೆಯುತ್ತಿದ್ದಾಳೆ. ನಿಮ್ಮ ಕಾಗದವನ್ನು ಎರಡು ಸಲ ಓದಿಸಿ ಕೇಳಿದೆ. ನಿಮ್ಮ ಮಾವನ ಜೊತೆ ನನ್ನ ಪರಿಚಯ ಮೂವತ್ತು ವರ್ಷದ್ದು. ಅವರು ಕೊಡದ ಮಾತನ್ನು ಇಟ್ಟುಕೊಂಡು ನಾನು ದೋಣಿ ಒಯ್ಯುವುದಿಲ್ಲ. ಕೊಟ್ಟಿದ್ದರೆ ನೀವು ತಪ್ಪಿಸಿದಿರಿ ಎಂದೂ ಆಗಬಾರದು. ಹುಣ್ಣಿಮೆಯ ಮಾರನೇ ದಿನ ಹೇಳಿದಂತೆ ಬರುತ್ತೇನೆ. ನೀವು ಹೇಳುವ ಹಾಗೆ ಎರಡು ರೀತಿಯಲ್ಲಿ ಕೇಳುತ್ತೇನೆ. ಹುಟ್ಟು ಅವರ ಕೈಯಲ್ಲಿರಲಿ. ಅವರು ಎಂತ ಮಾಡುತ್ತಾರೋ ಅದೇ ಅವರ ಮಾತು.

ಅಬ್ದುಲ್ ಕಾದಿರ್


ಬಾಡ
೧೨ ಆಗಸ್ಟ್ ೧೯೭೯

ಪ್ರೀತಿಯ ಮಾಲೂ,

ಗುರುವಾರ ಸಾಹೇಬರು ಬಂದರು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ನಡುವೆ ನನ್ನದನ್ನು ಸೇರಿಸುವುದಿಲ್ಲ. ಸೇರಿಸ್ತಿದ್ದೇನೆ ಅನ್ನಿಸಿದರೆ ಬಯ್ಯಿ.

ದೋಣಿಯ ಮಡ್ಲು ತೆಗೆದಿದ್ದರು. ಹಿಂದಿನ ದಿನದ ಸಮುದ್ರಪೂಜೆಯ ಹೂವು ಇನ್ನೂ ಮರಳಿನಲ್ಲಿತ್ತು. ಚಿಕ್ಕಮಾವ ಮತ್ತು ಏಳು ಜನ ಬುತ್ತಿ ಕಟ್ಟಿಕೊಂಡು ಹೊರಡಲು ತಯಾರಾಗಿದ್ದರು. ಹೊನ್ನಾವರದ ಅಳಿವೆ ದಾಟಿ ಸಂಜೆಗೆ ಭಟ್ಕಳ ಮುಟ್ಟಬೇಕು. ಮಾವನನ್ನು ಇವರು ಒಂದು ಕಡೆ, ನಾನು ಒಂದು ಕಡೆ ಹಿಡಿದು ನಡೆಸಿದೆವು. ಅತ್ತೆ ಹುಟ್ಟನ್ನು ಹೊತ್ತು ತಂದರು.

ಸಾಹೇಬರು ಎಲ್ಲರಿಗೂ ಸುಮ್ಮನಿರಲು ಹೇಳಿ, ಮಾವನ ಎದುರು ಮರಳಲ್ಲಿ ಕೂತರು. ಮೆಲ್ಲಗೆ ಕೇಳಿದರು, "ಬೀರಪ್ಪಣ್ಣ, ದೋಣಿ ನನಗೆ ಕೊಡ್ತೀರಾ?"

"ಆತು."

ಕಾದರು. ಆಮೇಲೆ, "ಬೀರಪ್ಪಣ್ಣ, ದೋಣಿ ನಿಮ್ಮಲ್ಲೇ ಇರ್ಲಾ?"

"ಆತು."

ಹಿಂದಿನಿಂದ ಯಾರೋ "ಎರಡೂ ಆತಾ!" ಎಂದು ಕಿಸಕ್ಕನೆ ನಕ್ಕರು. ಚಿಕ್ಕಮಾವ, "ಕಂಡ್ರಾ ಸಾಹೇಬ್ರೆ? ನಾ ಹೇಳಿರ್ಲಿಲ್ವಾ, ಬುದ್ಧಿಯೇ ಇಲ್ಲ. ಹೊತ್ತಾಗ್ತದೆ, ನಡೀರಿ" ಅಂದರು. ಅತ್ತೆ ತಿರುಗಿ ನೋಡಿದ ನೋಟಕ್ಕೆ ಎಲ್ಲರೂ ಸುಮ್ಮನಾದರು.

ನಾನು ಹುಟ್ಟನ್ನು ಮಾವನ ಎಡಗೈಗೆ ಕೊಟ್ಟೆ. "ಮಾವ, ಕೊಡುವುದಾದರೆ ಸಾಹೇಬರಿಗೆ ಕೊಡಿ. ಇಲ್ಲವಾದರೆ ನೀವೇ ಇಟ್ಟುಕೊಳ್ಳಿ" ಅಂದು ಹಿಂದೆ ಸರಿದೆ. ಎದೆಗವಚಿಕೊಳ್ಳುತ್ತಾರೆ ಎಂದು ನನಗೆ ನೂರಕ್ಕೆ ನೂರು ಖಾತರಿ. ಮನಸ್ಸಿನಲ್ಲಿ ಎಣಿಸತೊಡಗಿದೆ.

ಹದಿನೇಳಕ್ಕೆ ಅವರು ಅಲ್ಲಾಡಿದರು. ಸಾಹೇಬರಿಗೂ ಕೊಡಲಿಲ್ಲ, ಎದೆಗೂ ಅವಚಲಿಲ್ಲ. ಹುಟ್ಟನ್ನೇ ಊರುಗೋಲು ಮಾಡಿಕೊಂಡು ದೋಣಿಯ ಹತ್ತಿರ ಹೋದರು. ಹಿಡಿಯಲು ಹೋದ ಇವರನ್ನು ಮೊಣಕೈಯಿಂದ ತಳ್ಳಿದರು. ದೋಣಿಗೆ ಮೈ ಆನಿಸಿ ನಿಂತು, ಹುಟ್ಟಿನ ಹಿಡಿಯಿಂದ ಅದರ ಹೊಟ್ಟೆಯ ಹಲಗೆಗೆ ತಟ್ಟಿದರು. ಟಕ್. ಒಂದು ಹೆಜ್ಜೆ ಸರಿದು ಮತ್ತೆ, ಟಕ್. ಮತ್ತೆ, ಟಕ್. ಕೆಳಗೆ ಬಗ್ಗಿ, ನೀರಲ್ಲಿ ಮುಳುಗುವ ಜಾಗದಲ್ಲಿ ತಟ್ಟಿದಾಗ ಸದ್ದು ಬೇರೆಯಾಯಿತು. ಒದ್ದೆ ಬೂದುಗುಂಬಳಕ್ಕೆ ತಟ್ಟಿದ ಹಾಗೆ. ಅಲ್ಲೇ ಎರಡು ಸಲ ತಟ್ಟಿ ಸಾಹೇಬರನ್ನು ನೋಡಿ "ಆತು" ಅಂದರು.

ಸಾಹೇಬರು ಆಗಲೇ ಎದ್ದಿದ್ದರು. ದೋಣಿಯವರಿಗೆ ಆ ಸದ್ದು ಗೊತ್ತು, ನನಗೊಬ್ಬಳಿಗೇ ತಿಳಿಯಲಿಲ್ಲ. ಚಿಕ್ಕಮಾವ ಸೊಂಟದ ಚೂರಿ ತೆಗೆದು ಆ ಜಾಗದ ರಾಳ ಕೆರೆದು ಒತ್ತಿದರು. ಚೂರಿ ಹಿಡಿಯವರೆಗೆ ಒಳಗೆ ಹೋಯಿತು. ಹುಳ ತಿಂದು, ಒಳಗೆಲ್ಲ ಹುಡಿ. ಎರಡು ಹಲಗೆ, ಒಂದು ಮಾರು ಉದ್ದ.

ದೋಣಿ ಮೇಲೆಳೆದ ದಿನವೇ ಮಾವ ಅದನ್ನು ಕಂಡಿರಬೇಕು, ತಾತ್ಕಾಲಿಕಕ್ಕೆ ರಾಳ ಮೆತ್ತಿ, ಮನೆಗೆ ಬಂದು ಹೇಳೋಣವೆಂದು ಕೈ ತೊಳೆಯಲು ಬಾವಿಕಟ್ಟೆಗೆ ಹೋಗಿರಬೇಕು ಎಂದು ಇವರು ಹೇಳುತ್ತಾರೆ. ಅದು ಇವರ ಊಹೆ. ಕೈಯಲ್ಲಿ ರಾಳ ಮೆತ್ತಿತ್ತು ಎನ್ನುವುದು ಮಾತ್ರ ನಿಜ. ಆಸ್ಪತ್ರೆಯಲ್ಲಿ ಅದನ್ನು ಎಣ್ಣೆ ಹಾಕಿ ತೆಗೆದವರು ಅತ್ತೆ.

ಚಿಕ್ಕಮಾವ ಅಳಿವೆಯ ದಿಕ್ಕಿಗೆ ಒಮ್ಮೆ ನೋಡಿದರು. ಬುತ್ತಿ ಹಿಡಿದು ನಿಂತ ಏಳು ಜನರನ್ನು ನೋಡಿದರು. ಆಮೇಲೆ ಅಣ್ಣನ ಕಾಲ ಹತ್ತಿರ ಮರಳಲ್ಲಿ ಕೂತುಬಿಟ್ಟರು. ಎರಡು ತಿಂಗಳು ಕಿವಿಗೆ ಕಿರುಚಿದವರು, ಪಕ್ಕದವರಿಗೂ ಕೇಳದಷ್ಟು ಸಣ್ಣಗೆ, "ನೀ ಹೇಳ್ತಾನೇ ಇದ್ಯಲ ಅಣ್ಣ" ಅಂದರು.

"ಆತು" ಅಂದರು ಮಾವ. ಅದು ಸಿಟ್ಟಿನದಲ್ಲ. ಅಷ್ಟು ನನಗೂ ಈಗ ಕೇಳಿಸುತ್ತದೆ.

ಸಾಹೇಬರು, "ಆಚಾರಿ ಬಂದು ಹಲಗೆ ಬದಲಾಯಿಸ್ಲಿ. ಕೊಡುದು ಬಿಡುದು ಆಮೇಲೆ. ನನಗೆ ಗಡಿಬಿಡಿ ಇಲ್ಲ. ತಾಂಡೇಲರ ಮಾತು ಕೇಳ್ಸಿಕೊಳ್ಳುವ ಜನ ಇದ್ದಾಗ ಕೇಳುವಾ" ಎಂದು ಚಹಾ ಕುಡಿದು ಬಸ್ಸಿಗೆ ಹೋದರು.

ಮಾಲೂ, ನಾನು ಎರಡು ಸಲ ತಪ್ಪಿದೆ. ಮೊದಲು ಕೊಡುತ್ತಾರೆ ಎಂದೆ, ಆಮೇಲೆ ಕೊಡುವುದಿಲ್ಲ ಎಂದೆ. ಎರಡೂ ನನ್ನ ಮಾತು. ಅವರು ಹೇಳುತ್ತಿದ್ದುದು ಬೇರೆಯೇ, ಎಂಟು ಜನರ ಜೀವದ ಮಾತು. ಪ್ರಶ್ನೆಯಲ್ಲೇ ಇಲ್ಲದ ಉತ್ತರವನ್ನು ಅವರು ಹೇಗೆ ಹೇಳಬೇಕಿತ್ತು? ನೀನು ಜುಲೈಯಲ್ಲೇ ಕೇಳಿದ್ದೆ, ಅವರು ಹೇಳಿದರಾ ನೀನು ಹೇಳಿದೆಯಾ ಎಂದು. ಆ ಸಾಲನ್ನು ನಾನು ಓದಿಯೇ ಇರಲಿಲ್ಲ ಅಂತ ಕಾಣುತ್ತದೆ.

ನಿನ್ನ,
ಗಂಗಾ


ಬಾಡ
೩೦ ಆಗಸ್ಟ್ ೧೯೭೯

ಪ್ರೀತಿಯ ಮಾಲೂ,

ಜಾಗ ಗೊತ್ತು ಮಾಡಿದ್ದೇನೆ, ಎರಡು ತಿಂಗಳು ಇರಬೇಕಾಗುತ್ತದೆ, ಬಾ ಎಂದು ಬರೆದೆಯಲ್ಲ. ಇವರು ರಜೆ ಹಾಕಿ ನಮ್ಮನ್ನು ಮುಟ್ಟಿಸಿ ಬರುತ್ತಾರೆ. ಅತ್ತೆಯೂ ಬರುತ್ತಾರೆ. ಅವರಿಲ್ಲದೆ ದನಿ ಕೇಳುವವರು ಯಾರು?

ಮಾವನಿಗೆ ಮೈಸೂರಿನ ವಿಷಯವನ್ನು ಎರಡು ಕಡೆಯಿಂದ ಕೇಳಿದೆ. ಎರಡಕ್ಕೂ ಏನು ಹೇಳಿದರು ಎಂದು ನಿನಗೆ ಗೊತ್ತು. ಆಮೇಲೆ ಖಾಲಿ ಟ್ರಂಕನ್ನು ಅವರ ಎದುರು ತೆರೆದಿಟ್ಟು ನಾನು ಬಾವಿಗೆ ಹೋದೆ. ಬೇಕೆಂದೇ ತಡ ಮಾಡಿದೆ, ನಾಲ್ಕು ಕೊಡ ಹೆಚ್ಚಿಗೆ ಸೇದಿದೆ. ತಿರುಗಿ ಬಂದಾಗ ಟ್ರಂಕಿನಲ್ಲಿ ಅವರ ಎರಡು ಅಂಗಿ, ಕೊಡೆ, ಮತ್ತು ಬಾಳೆಯ ಹಗ್ಗ ಕಟ್ಟಿದ ಒಂದು ಒಣಮೀನಿನ ಪೊಟ್ಟಣ ಇತ್ತು. ಅದು ನಿನಗೆ ಅಂತ ನಾನು ಅಂದುಕೊಂಡಿದ್ದೇನೆ. ತಪ್ಪಿದ್ದರೂ ಇರಬಹುದು.

ಆಚಾರಿ ಹೊಸ ಹಲಗೆ ಹಾಕಿದ. ಮಾವ ದಿನಾ ಹೋಗಿ ಪಕ್ಕದಲ್ಲಿ ಕೂತು, ಅವನು ಹೊಡೆದ ಪ್ರತಿ ಮೊಳೆಗೂ ಎಣಿಸಿದರು, ಲಾಭದಿಂದ ಹಿಡಿದು. ದೋಣಿ ಕೊಡುತ್ತಾರೋ ಇಟ್ಟುಕೊಳ್ಳುತ್ತಾರೋ ಇನ್ನೂ ತಿಳಿದಿಲ್ಲ. ಲಕ್ಕಿ ಕೇಳಿದರೂ, ಚಿಕ್ಕಮಾವ ಕೇಳಿದರೂ, ನನಗೆ ಗೊತ್ತಿಲ್ಲ ಅನ್ನುತ್ತೇನೆ. ಚಿಕ್ಕಮಾವ ಭಟ್ಕಳಕ್ಕೆ ಹೋಗುವುದನ್ನು ಮುಂದೂಡಿದ್ದಾರೆ. ಈಗ ಮಾವನ ಹತ್ತಿರ ಬಂದರೆ ಎದುರಿಗೇ ಕೂರುತ್ತಾರೆ, ಕೇಳಿ ಕಾಯುತ್ತಾರೆ. ನನಗಿಂತ ಚೆನ್ನಾಗಿ ಕಾಯುತ್ತಾರೆ.

ಒಂದು ಮಾತು. ನಿನ್ನನ್ನು ನೋಡಿದ ಕೂಡಲೇ ಮಾವ "ಆತು" ಅನ್ನುತ್ತಾರೆ. ಏನು ಹೇಳಿದರು ಎಂದು ನನ್ನ ಮುಖ ನೋಡಬೇಡ. ನಾನು ಹೇಳುವುದಿಲ್ಲ. ಅವರನ್ನೇ ಕೇಳು, ಇಪ್ಪತ್ತರವರೆಗೆ ಎಣಿಸು.

ಬುಧವಾರ ಹೊನ್ನಾವರದಲ್ಲಿ ಅಣ್ಣನ ಮನೆಯಲ್ಲಿ ತಂಗುತ್ತೇವೆ. ಗುರುವಾರ ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಹತ್ತಿ, ತಾಳಗುಪ್ಪದಲ್ಲಿ ರೈಲು ಹಿಡಿಯುತ್ತೇವೆ. ನೀನು ಸ್ಟೇಷನ್ನಿಗೆ ಬರಬೇಕಾದದ್ದು ಸೆಪ್ಟೆಂಬರ್ ಏಳು, ಶುಕ್ರವಾರ ಬೆಳಿಗ್ಗೆ, ಅರಸೀಕೆರೆಯಿಂದ ಬರುವ ಪ್ಯಾಸೆಂಜರಿಗೆ.

ನಿನ್ನ,
ಗಂಗೆ